ದತ್ತ ಒಂದೇ ಇರಲಿ

ಕನ್ನಡ ಮಾಧ್ಯಮದಲ್ಲಿ ರೇಖಾಗಣಿತ ಓದಿದವರು ಪ್ರಮೇಯ ಬರೆಯುವ ಕ್ರಮವನ್ನು ಅಷ್ಟು ಸುಲಭಕ್ಕೆ ಮರೆಯುವುದಿಲ್ಲ. ಮೊದಲು ದತ್ತ, ಅದರ ಕೆಳಗೆ ಸಾಧನೀಯ, ಬೇಕಿದ್ದರೆ ಒಂದು ರಚನೆ, ಆಮೇಲೆ ಸಾಧನೆ. ದತ್ತವೆಂದರೆ ಒಪ್ಪಿಕೊಂಡೇ ಶುರು ಮಾಡಬೇಕಾದ ಸಂಗತಿ. ‘ಎಬಿಸಿ ಒಂದು ಲಂಬಕೋನ ತ್ರಿಭುಜ’ ಅಂತ ಕೊಟ್ಟ ಮೇಲೆ, ಅದು ಯಾಕೆ ಲಂಬಕೋನ ಅಂತ ತಕರಾರು ಮಾಡುವಂತಿಲ್ಲ. ಆದರೆ ಸಾಧನೆಯ ನಡುವೆ ಸಿಕ್ಕಿಬಿದ್ದ ಹುಡುಗ ‘ಎರಡು ಬಾಹುಗಳು ಸಮ’ ಅಂತ ತನಗೆ ಅನುಕೂಲವಾದ ಇನ್ನೊಂದು ದತ್ತವನ್ನು ಮೆಲ್ಲಗೆ ಒಳಗೆ ಬಿಟ್ಟುಕೊಂಡರೆ ಅಲ್ಲಿಗೆ ಮುಗಿಯಿತು, ಕೆಂಪು ಶಾಯಿಯ ಗೆರೆ. ಹಾಸನ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ 29 ವರ್ಷ ಗಣಿತ, ವಿಜ್ಞಾನ ಹೇಳಿಕೊಟ್ಟ ನಾನು ಅಂಥ ಗೆರೆ ಎಷ್ಟು ಎಳೆದಿದ್ದೇನೋ ಲೆಕ್ಕವಿಲ್ಲ.

ನಿವೃತ್ತಿಯಾದ ವರ್ಷ ಬೆಂಗಳೂರಿನಲ್ಲಿರುವ ಮಗಳು ದೊಡ್ಡ ಟಿವಿ ತಂದು ಗೋಡೆಗೆ ಹಾಕಿಸಿ, ಓಟಿಟಿಗಳನ್ನೆಲ್ಲ ಕೂರಿಸಿಕೊಟ್ಟು ಹೋದಳು. ಅಂದಿನಿಂದ ಸಂಜೆ ದೀಪ ಹಚ್ಚಿದ ಮೇಲೆ ಒಂದೆರಡು ಗಂಟೆ ವೈಜ್ಞಾನಿಕ ಕಲ್ಪನೆಯ ಸಿನಿಮಾ, ಸರಣಿ ನೋಡುವುದು ನನ್ನ ಅಭ್ಯಾಸ. ಪಕ್ಕದಲ್ಲಿ ಅಮ್ಮ. ಅವಳಿಗೆ 81. ಕಾಲು ಚಾಚಿಕೊಂಡು ಕೂತು, ತೊಡೆಯ ಮೇಲೆ ಹತ್ತಿ ಇಟ್ಟುಕೊಂಡು ದೀಪದ ಬತ್ತಿ ಹೊಸೆಯುತ್ತಾಳೆ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ “ನಿಲ್ಸೇ ಅದನ್ನ, ಏನಂದ ಅವನು?” ಅನ್ನುತ್ತಾಳೆ. ನಾನು ನಿಲ್ಲಿಸಿ ಕನ್ನಡದಲ್ಲಿ ಕಥೆ ಹೇಳಬೇಕು. ಅಮ್ಮ ಸುಮ್ಮನೆ ಕೇಳಿಸಿಕೊಳ್ಳುವವಳಲ್ಲ. ಅವಳ ಪ್ರಶ್ನೆಗೆ ಕಥೆಯೊಳಗೇ ಉತ್ತರ ಸಿಕ್ಕಿದರೆ ತಲೆದೂಗುತ್ತಾಳೆ, ಸಿಗದಿದ್ದರೆ “ಸುಳ್ಳು ಬಿಡು” ಅಂದುಬಿಡುತ್ತಾಳೆ.

ಹೀಗೆ ಹೇಳಿ ಹೇಳಿ ನನಗೆ ಒಂದು ಮಾತು ಖಚಿತವಾಗಿದೆ. ಈ ಪ್ರಕಾರದ ಕಥೆಗೆ ಒಂದು ದತ್ತ ಕೇಳುವ ಹಕ್ಕಿದೆ. ಮಂಗಳ ಗ್ರಹಕ್ಕೆ ಮನುಷ್ಯರು ಹೋಗಿದ್ದಾರೆ ಅನ್ನಲಿ, ಸತ್ತ ಸಂಗಾತಿಯ ದನಿಯಲ್ಲಿ ಯಂತ್ರ ಮಾತಾಡುತ್ತದೆ ಅನ್ನಲಿ, ನಾನು ಒಪ್ಪುತ್ತೇನೆ. ಆಮೇಲೆ ಮಾತ್ರ ಕಥೆ ಆ ದತ್ತಕ್ಕೆ ಕಟ್ಟುಬಿದ್ದಿರಬೇಕು. ಪಾತ್ರಗಳು ಕಷ್ಟಕ್ಕೆ ಸಿಕ್ಕಿದಾಗ ಅವರನ್ನು ಪಾರು ಮಾಡಲು ಇನ್ನೊಂದನ್ನು ನುಸುಳಿಸಬಾರದು. ಸತ್ತವರು ಮುಂದಿನ ಭಾಗದಲ್ಲಿ ಬೇರೆ ವಿಶ್ವದಿಂದ ಎದ್ದು ಬರುವ ಚಿತ್ರಗಳು ಎಷ್ಟೇ ಕೋಟಿ ಬಾಚಲಿ, ನನಗೆ ಹಿಡಿಸದಿರುವುದು ಇದಕ್ಕೇ. ಅಲ್ಲಿ ಯಾರಿಗೂ ಯಾವುದಕ್ಕೂ ಬೆಲೆ ತೆರಬೇಕಾಗಿಲ್ಲ.

ಈ ಅಳತೆಗೋಲಿನಲ್ಲಿ ಕಳೆದ ಹದಿನೈದು ವರ್ಷದ ಯಾವ ಯಾವ ಚಿತ್ರ, ಸರಣಿ ನಿಲ್ಲುತ್ತವೆ ಅನ್ನುವುದನ್ನು ಹೇಳುತ್ತೇನೆ. ಕೆಲವು ಕಡೆ ಕಥೆಯ ಗುಟ್ಟು ಬಿಟ್ಟುಕೊಡದೆ ವಿಧಿಯಿಲ್ಲ. ನೋಡದವರು ಆ ಭಾಗವನ್ನು ದಾಟಿ ಓದಿಕೊಳ್ಳಿ.

ಹಾಸನದ ಆಲೂಗೆಡ್ಡೆ, ಮಂಗಳದ ಆಲೂಗೆಡ್ಡೆ

ಮೊದಲು ಸುಲಭದ್ದು, ರಿಡ್ಲಿ ಸ್ಕಾಟ್ ನಿರ್ದೇಶನದ ‘ದಿ ಮಾರ್ಷಿಯನ್’ (2015). ಆಂಡಿ ವೀರ್ ಬರೆದ ಕಾದಂಬರಿ ಇದಕ್ಕೆ ಮೂಲ. ಬಿರುಗಾಳಿಯಲ್ಲಿ ಸಿಕ್ಕಿ ಸತ್ತನೆಂದುಕೊಂಡು ಜೊತೆಗಾರರು ಬಿಟ್ಟುಹೋದ ಗಗನಯಾತ್ರಿ ಮಾರ್ಕ್ ವಾಟ್ನಿ ಮಂಗಳದಲ್ಲಿ ಒಬ್ಬನೇ ಉಳಿಯುತ್ತಾನೆ. ಅವನು ಸಸ್ಯವಿಜ್ಞಾನಿ. ಹಬ್ಬದೂಟಕ್ಕೆಂದು ತಂದಿಟ್ಟಿದ್ದ ಹಸಿ ಆಲೂಗೆಡ್ಡೆಗಳನ್ನು ಕೊಯ್ದು, ಬಿಡಾರದೊಳಗೇ ಮಂಗಳದ ಮಣ್ಣು ಹರವಿ, ತಂಡದವರ ಮಲವನ್ನೇ ಗೊಬ್ಬರ ಮಾಡಿ ನೆಡುತ್ತಾನೆ.

ನಮ್ಮದು ಆಲೂಗೆಡ್ಡೆ ಸೀಮೆ. ಮುಂಗಾರಿಗೆ ಮುಂಚೆ ಜಲಂಧರದ ಬಿತ್ತನೆ ಗೆಡ್ಡೆ ಹಾಸನದ ಎಪಿಎಂಸಿಗೆ ಲಾರಿಗಟ್ಟಲೆ ಬರುತ್ತದೆ. ಅಪ್ಪ ಇದ್ದಾಗ ಎರಡೆಕರೆಯಲ್ಲಿ ನಾವೂ ಹಾಕುತ್ತಿದ್ದೆವು. ವಾಟ್ನಿ ಗೆಡ್ಡೆ ಕೊಯ್ಯುವಾಗ ಅಮ್ಮನ ಕೈ ನಿಂತಿತು. “ಕಣ್ಣಿರೋ ಹಾಗೆ ಹೋಳು ಮಾಡಿದ್ನಾ? ಬೂದಿ ಸವರ್ದೇ ನೆಟ್ರೆ ಕೊಳ್ತೋಗುತ್ತೆ.” ನಾನು ಹಿಂದಕ್ಕೆ ಹಾಕಿ ತೋರಿಸಿದೆ. ಹೋಳು ಸರಿಯಾಗಿದೆ ಅಂದಳು. ಬೂದಿಯ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಬೆಳೆಗೆ ನೀರು? ವಾಟ್ನಿ ರಾಕೆಟ್ ಇಂಧನವಾದ ಹೈಡ್ರಜೀನ್ ಅನ್ನು ಒಡೆದು ಜಲಜನಕ ಪಡೆಯುತ್ತಾನೆ, ಅದನ್ನು ಆಮ್ಲಜನಕದೊಡನೆ ಉರಿಸಿ ನೀರು ಮಾಡುತ್ತಾನೆ. ತಾನು ಉಸಿರು ಬಿಡುವಾಗ ಹೊರಬೀಳುವ ಆಮ್ಲಜನಕವನ್ನು ಲೆಕ್ಕಕ್ಕೆ ಹಿಡಿಯದೆ ಸ್ಫೋಟ ಮಾಡಿಕೊಳ್ಳುತ್ತಾನೆ. ನಾವು ಉಸಿರಾಡಿದ ಆಮ್ಲಜನಕವನ್ನೆಲ್ಲ ದೇಹ ಬಳಸಿಕೊಳ್ಳುವುದಿಲ್ಲ, ಹೆಚ್ಚಿನ ಪಾಲು ಹಾಗೇ ಹೊರಗೆ ಬರುತ್ತದೆ ಅನ್ನುವುದನ್ನು ಎಂಟನೇ ತರಗತಿಗೆ ಎಷ್ಟು ಸಲ ಹೇಳಿದ್ದೇನೋ. ಒಂದು ಸಿನಿಮಾದ ನಾಯಕ ಅದನ್ನು ಮರೆತು ಸುಟ್ಟುಕೊಳ್ಳುವುದನ್ನು ನೋಡಿದಾಗ, ಪಾಠಕ್ಕೆ ಇಂಥದೊಂದು ಉದಾಹರಣೆ ನನ್ನ ಕಾಲದಲ್ಲಿ ಇರಬೇಕಿತ್ತು ಅನ್ನಿಸಿತು.

ಚಿತ್ರದಲ್ಲಿ ತಪ್ಪಿಲ್ಲವೆಂದಲ್ಲ. ಮಂಗಳದ ವಾತಾವರಣದ ಒತ್ತಡ ಭೂಮಿಯದರ ನೂರರಲ್ಲಿ ಒಂದು ಪಾಲೂ ಇಲ್ಲ. ಅಷ್ಟು ತೆಳು ಗಾಳಿ ಎಷ್ಟೇ ವೇಗವಾಗಿ ಬೀಸಿದರೂ ರಾಕೆಟ್ ಉರುಳಿಸಲಾರದು. ಇದು ಲೇಖಕನಿಗೂ ಗೊತ್ತಿತ್ತು, ಕಥೆ ಶುರುವಾಗಲೆಂದು ಬೇಕೆಂದೇ ಇಟ್ಟೆ ಅಂತ ಒಪ್ಪಿಕೊಂಡಿದ್ದಾನೆ. ಮಂಗಳದ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಎಂಬ ವಿಷಕಾರಿ ಲವಣ ಇರುವುದನ್ನು 2008ರಲ್ಲಿ ಫೀನಿಕ್ಸ್ ನೌಕೆ ಪತ್ತೆಮಾಡಿತ್ತು. ಕಥೆ ಅದರ ಗೊಡವೆಗೆ ಹೋಗುವುದಿಲ್ಲ. ಆದರೂ ನಾನು ಪೂರ್ತಿ ಅಂಕ ಕೊಡುತ್ತೇನೆ. ಬಿರುಗಾಳಿ ದತ್ತ, ಮೊದಲ ಹತ್ತು ನಿಮಿಷದಲ್ಲೇ ಮುಗಿಯಿತು. ಅಲ್ಲಿಂದ ಮುಂದೆ ವಾಟ್ನಿಗೆ ದೇವರೂ ಸಹಾಯಕ್ಕೆ ಬರುವುದಿಲ್ಲ. ಒಂದು ದಿನ ಬಿಡಾರದ ಬಾಗಿಲ ಭಾಗವೇ ಸಿಡಿದು ಬೆಳೆಯೆಲ್ಲ ಹೆಪ್ಪುಗಟ್ಟಿ ಸಾಯುತ್ತದೆ. ಅಮ್ಮ ಅಂದಳು: “ಅಂಗಮಾರಿ ಬಂದಂಗಾಯ್ತು.” ಅಂಗಮಾರಿ ರೋಗ ಬಿದ್ದ ಹೊಲ ಎರಡು ಮೂರು ದಿನದಲ್ಲಿ ಸುಟ್ಟ ಹಾಗಾಗುವುದನ್ನು ಕಂಡವಳು ಅವಳು.

ಅಲ್ಫಾನ್ಸೊ ಕ್ವಾರೋನ್‌ನ ‘ಗ್ರಾವಿಟಿ’ (2013) ಇದರಷ್ಟೇ ಹೆಸರು ಮಾಡಿದ ಚಿತ್ರ. ಹತ್ತು ನಿಮಿಷಕ್ಕೂ ಮೀರಿ ಒಂದೇ ಓಟದಲ್ಲಿ ಸಾಗುವ ಅದರ ಮೊದಲ ದೃಶ್ಯ, ಬಾಹ್ಯಾಕಾಶದ ಆ ನಿಶ್ಶಬ್ದ, ಎರಡೂ ಮೈಮರೆಸುತ್ತವೆ. ಆದರೆ ನಾಯಕಿ ಹಬಲ್ ದೂರದರ್ಶಕದಿಂದ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಪಕ್ಕದ ಬೀದಿಗೆ ಹೋದಂತೆ ಹೋಗುತ್ತಾಳೆ. ಹಬಲ್ ಸುತ್ತುವುದು ಸುಮಾರು 540 ಕಿ.ಮೀ. ಎತ್ತರದಲ್ಲಿ, ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿ. ಎತ್ತರದ ಮಾತು ಬಿಡಿ, ಒಂದರ ಕಕ್ಷೆ ಸಮಭಾಜಕಕ್ಕೆ 28.5 ಡಿಗ್ರಿ ಓರೆ, ಇನ್ನೊಂದರದು 51.6 ಡಿಗ್ರಿ. ಬೆನ್ನಿಗೆ ಕಟ್ಟಿಕೊಂಡ ಪುಟ್ಟ ಯಂತ್ರದಿಂದ ಒಂದರಿಂದ ಇನ್ನೊಂದಕ್ಕೆ ದಾಟುವ ಶಕ್ತಿ ಯಾರಿಗೂ ಇಲ್ಲ. ಆ ಚಿತ್ರ ಬಂದ ಮರುವರ್ಷ, 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳದ ಕಕ್ಷೆ ಸೇರಿತು. ‘ಗ್ರಾವಿಟಿ’ಗೆ ಆದ ಖರ್ಚಿಗಿಂತ ಕಡಿಮೆಗೆ, ಸುಮಾರು 450 ಕೋಟಿ ರೂಪಾಯಿಗೆ. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಸೀರೆಯುಟ್ಟು ಹೂ ಮುಡಿದ ಇಸ್ರೋ ಮಹಿಳೆಯರು ನಗುತ್ತಿದ್ದ ಫೋಟೊ ಮರುದಿನದ ಪತ್ರಿಕೆಗಳಲ್ಲಿ ಬಂತು. ಅದನ್ನು ಕತ್ತರಿಸಿ ತರಗತಿಯ ಗೋಡೆಗೆ ಅಂಟಿಸಿದ್ದೆ. ಹೆಣ್ಣುಮಕ್ಕಳು ಅದರ ಮುಂದೆ ನಿಂತು ಯಾರ ಸೀರೆ ಚೆನ್ನಾಗಿದೆ ಅಂತ ಮಾತಾಡಿಕೊಳ್ಳುತ್ತಿದ್ದರು. ನನಗೆ ಅದೇ ಬೇಕಾಗಿತ್ತು. ಅಲ್ಲಿರುವವರು ತಮ್ಮಂಥವರೇ ಅಂತ ಅವರಿಗೆ ಅನ್ನಿಸಿತ್ತು.

ಒಂದು ಗಂಟೆಗೆ ಏಳು ವರ್ಷ

ಕ್ರಿಸ್ಟಫರ್ ನೋಲನ್‌ನ ‘ಇಂಟರ್‌ಸ್ಟೆಲ್ಲರ್’ (2014) ಬಗ್ಗೆ ನನಗೆ ಅಭಿಮಾನವೂ ಇದೆ, ತಕರಾರೂ ಇದೆ.

ಅಭಿಮಾನ ಅದರ ನಡುಭಾಗದ ಬಗ್ಗೆ. ಭೂಮಿಯಲ್ಲಿ ಬೆಳೆ ಒಂದೊಂದಾಗಿ ನಾಶವಾಗುತ್ತಿದೆ. ಹೊಸ ನೆಲೆ ಹುಡುಕಲು ಹೊರಟ ಕೂಪರ್‌ನ ತಂಡ ಗಾರ್ಗಾಂಟುವಾ ಎಂಬ ಭಾರೀ ಕಪ್ಪುಕುಳಿಯ ಹತ್ತಿರದ ಗ್ರಹಕ್ಕೆ ಇಳಿಯುತ್ತದೆ. ಅಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ. ಇದು ಗಾಳಿಮಾತಲ್ಲ. ಗುರುತ್ವ ಹೆಚ್ಚಿದ್ದಲ್ಲಿ ಕಾಲ ನಿಧಾನವಾಗುತ್ತದೆ ಎಂದು ಐನ್‌ಸ್ಟೈನ್ ಸಿದ್ಧಾಂತವೇ ಹೇಳುತ್ತದೆ. ನಮ್ಮ ಕಿಸೆಯ ಮೊಬೈಲ್ ಅದನ್ನು ದಿನವೂ ನಂಬಿ ನಡೆಯುತ್ತದೆ. 20 ಸಾವಿರ ಕಿ.ಮೀ. ಎತ್ತರದ ಜಿಪಿಎಸ್ ಉಪಗ್ರಹಗಳ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡು ಮುಂದೆ ಓಡುತ್ತದೆ. ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ನಕ್ಷೆ ಹತ್ತು ಕಿ.ಮೀ. ಆಚೀಚೆ ಆಗುತ್ತದೆ. ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರದ (ಎಂಸಿಎಫ್) ದೊಡ್ಡ ದೊಡ್ಡ ಬುಟ್ಟಿಯಂಥ ಆಂಟೆನಾಗಳನ್ನು ಮಕ್ಕಳಿಗೆ ತೋರಿಸುವಾಗಲೆಲ್ಲ ಇದನ್ನು ಹೇಳುತ್ತಿದ್ದೆ: ಮೇಲೆ ಹೋದ ಗಡಿಯಾರ ಬೇರೆ ಓಡುತ್ತದೆ, ಅದಕ್ಕೆ ಕೆಳಗಿನವರು ಲೆಕ್ಕ ಕಟ್ಟಿಕೊಡಬೇಕು.

ಚಿತ್ರಕ್ಕೆ ಹೀಗೆ ಲೆಕ್ಕ ಕಟ್ಟಿಕೊಟ್ಟವರು ಭೌತವಿಜ್ಞಾನಿ ಕಿಪ್ ಥಾರ್ನ್. ಬೆಳಕಿಗಿಂತ ವೇಗವಾಗಿ ಹೋಗುವ ಪ್ರಸಂಗ ಬೇಡವೆಂದು ನಿರ್ದೇಶಕನನ್ನು ಪಟ್ಟುಹಿಡಿದು ಒಪ್ಪಿಸಿದವರೂ ಅವರೇ. ಅವರ ಸಮೀಕರಣಗಳನ್ನು ಕಂಪ್ಯೂಟರಿಗೆ ಉಣಿಸಿ ಡಬಲ್ ನೆಗೆಟಿವ್ ಸಂಸ್ಥೆಯವರು ಕಪ್ಪುಕುಳಿಯ ಚಿತ್ರ ತೆಗೆದರು. ಕುಳಿಯ ಹಿಂದಿನ ಬೆಳಕು ಬಾಗಿ ಮೇಲೆ ಕೆಳಗೆ ಬಳೆಯಂತೆ ಕಾಣುವ ಆ ರೂಪ ಈಗ ಎಲ್ಲರ ಕಣ್ಣಲ್ಲಿದೆ. ನಿಜದಲ್ಲಿ ಬಳೆಯ ಒಂದು ಪಕ್ಕ ಇನ್ನೊಂದಕ್ಕಿಂತ ಪ್ರಕಾಶವಾಗಿರಬೇಕು. ಲೆಕ್ಕದಲ್ಲಿ ಅದೂ ಬಂದಿತ್ತು, ನೋಡುಗರಿಗೆ ಗೊಂದಲವಾದೀತೆಂದು ಚಿತ್ರದಲ್ಲಿ ಕೈಬಿಟ್ಟರು. 2019ರ ಏಪ್ರಿಲ್‌ನಲ್ಲಿ ಎಂ87 ಗೆಲಾಕ್ಸಿಯ ಕಪ್ಪುಕುಳಿಯ ನಿಜವಾದ ಚಿತ್ರ ಹೊರಬಂದಾಗ ಒಂದು ಪಕ್ಕ ಪ್ರಕಾಶವಾಗಿಯೇ ಇತ್ತು.

ಇಲ್ಲಿ ನಮ್ಮವರೊಬ್ಬರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಬೆಂಗಳೂರಿನ ಸಿ.ವಿ. ವಿಶ್ವೇಶ್ವರ ಅವರು 1970ರಲ್ಲಿಯೇ, ಅಲುಗಾಡಿಸಿದ ಕಪ್ಪುಕುಳಿ ಹೊಡೆದ ಗಂಟೆಯಂತೆ ತನ್ನದೇ ಸ್ವರದಲ್ಲಿ ನಾದ ಹೊರಡಿಸಿ ಕ್ರಮೇಣ ಸುಮ್ಮನಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ್ದರು. ಎರಡು ಕಪ್ಪುಕುಳಿಗಳು ಒಂದಾದಾಗ ಎದ್ದ ಗುರುತ್ವದ ಅಲೆ 2015ರ ಸೆಪ್ಟೆಂಬರ್ 14ರಂದು ಲೈಗೊ ಉಪಕರಣಕ್ಕೆ ಮೊದಲ ಸಲ ಸಿಕ್ಕಿದಾಗ, ಅದರ ಕೊನೆಯ ಭಾಗ ಆ ಗಂಟೆಯ ನಾದಕ್ಕೆ ಹೊಂದುವಂತಿತ್ತು. ಆ ಶೋಧಕ್ಕೆ ಥಾರ್ನ್ ಮತ್ತು ಇನ್ನಿಬ್ಬರಿಗೆ 2017ರಲ್ಲಿ ನೊಬೆಲ್ ಬಂತು. ಅದೇ ವರ್ಷದ ಜನವರಿಯಲ್ಲಿ ವಿಶ್ವೇಶ್ವರ ತೀರಿಕೊಂಡಿದ್ದರು. ಬೆಂಗಳೂರಿನ ನೆಹರೂ ತಾರಾಲಯವನ್ನು ಅದರ ಮೊದಲ ನಿರ್ದೇಶಕರಾಗಿ ಕಟ್ಟಿದವರು ಅವರು. ನಮ್ಮ ಶಾಲೆಯ ಪ್ರವಾಸದ ಬಸ್ಸುಗಳು ಅಲ್ಲಿಗೆ ಹೋಗದೆ ಹಿಂದಿರುಗುತ್ತಿರಲಿಲ್ಲ.

ಮತ್ತೆ ಚಿತ್ರಕ್ಕೆ ಬರೋಣ. ಕೂಪರ್ ಆ ಗ್ರಹದಿಂದ ನೌಕೆಗೆ ವಾಪಸಾಗುವಾಗ ಭೂಮಿಯಲ್ಲಿ 23 ವರ್ಷ ಕಳೆದಿದೆ. ಕಾದು ಬಿದ್ದಿದ್ದ ವಿಡಿಯೊ ಸಂದೇಶಗಳ ಮುಂದೆ ಕೂರುತ್ತಾನೆ. ಮಗ ಪರೀಕ್ಷೆ ಪಾಸಾದ, ಮದುವೆಯಾದ, ಅವನಿಗೆ ಮಗುವಾಯಿತು, ಆ ಮಗು ಹೋಯಿತು. ಒಬ್ಬ ಗಂಡಸು ಕೂತು ಅಳುತ್ತಾನೆ, ಅಷ್ಟೇ. ಕಥೆಯ ಸಾಪೇಕ್ಷತೆಯ ಲೆಕ್ಕವೆಲ್ಲ ಬಂದು ಇಳಿಯುವುದು ಆ ಕುರ್ಚಿಯಲ್ಲಿ. ಅಮ್ಮ ಬತ್ತಿ ಕೆಳಗಿಟ್ಟು, “ನಿನ್ನ ಸೋದರಮಾವ ಬೊಂಬಾಯಿಂದ ಬಂದಾಗ ಹಿಂಗೇ ಕೂತಿದ್ದ ನೋಡು, ಪಡಸಾಲೆ ಕಂಬಕ್ಕೊರಗಿ” ಅಂದಳು. ಹೋಟೆಲು ಕೆಲಸಕ್ಕೆಂದು ಹುಡುಗನಾಗಿದ್ದಾಗ ಹೋದವನು ಹಿಂದಿರುಗುವ ಹೊತ್ತಿಗೆ ಅವನ ಅವ್ವ ಇರಲಿಲ್ಲ. ಕಪ್ಪುಕುಳಿಯ ಹತ್ತಿರ ಕಾಲ ಯಾಕೆ ನಿಧಾನ ಅನ್ನುವುದನ್ನು ಅಮ್ಮನಿಗೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

ತಕರಾರು ಕೊನೆಯ ಭಾಗದ್ದು. ಕೂಪರ್ ಕಪ್ಪುಕುಳಿಯೊಳಗೆ ಬಿದ್ದು ಮಗಳ ಪುಸ್ತಕದ ಕಪಾಟಿನ ಹಿಂದೆ ಏಳುತ್ತಾನೆ. ಕಪಾಟಿನಿಂದ ಪುಸ್ತಕ ಬೀಳುವ ಸಂಗತಿ ಮೊದಲಲ್ಲೇ ಬಂದಿತ್ತು, ಅಷ್ಟರಮಟ್ಟಿಗೆ ಮೋಸವಿಲ್ಲ. ಆದರೆ ಪ್ರೀತಿಯೂ ಗುರುತ್ವದಂತೆ ಕಾಲ, ದೇಶ ದಾಟುವ ಒಂದು ಶಕ್ತಿ ಅನ್ನುವ ಮಾತನ್ನು ನಡುವೆ ತಂದು ಅದರ ಮೇಲೆ ಕೊನೆ ಕಟ್ಟುತ್ತಾರೆ. ಅದು ಎರಡನೇ ದತ್ತ. ಆ ಅಪ್ಪ ಮಗಳ ಪ್ರೀತಿ ನನಗೆ ವಿಡಿಯೊ ಮುಂದಿನ ಕುರ್ಚಿಯಲ್ಲೇ ಗೊತ್ತಾಗಿತ್ತು. ಅದಕ್ಕೆ ಭೌತಶಾಸ್ತ್ರದ ಪಟ್ಟ ಕಟ್ಟಬೇಕಾಗಿರಲಿಲ್ಲ.

ನೀರಿಗಾಗಿ ಕಾಯುವವರು

ಟಿವಿಯ ಮಟ್ಟಿಗೆ ನನ್ನ ಮೊದಲ ಆಯ್ಕೆ ‘ದಿ ಎಕ್ಸ್‌ಪಾನ್ಸ್’. 2015ರಿಂದ 2022ರವರೆಗೆ ಆರು ಸೀಸನ್, ಒಟ್ಟು 62 ಸಂಚಿಕೆ. ಜೇಮ್ಸ್ ಎಸ್.ಎ. ಕೋರಿ ಎಂಬ ಒಂದೇ ಕಾವ್ಯನಾಮದಲ್ಲಿ ಇಬ್ಬರು ಬರೆದ ಕಾದಂಬರಿಮಾಲೆ ಇದಕ್ಕೆ ಆಧಾರ. ದತ್ತ ಇಷ್ಟು: ಕಡಿಮೆ ಇಂಧನದಲ್ಲಿ ಬಹಳ ದೂರ ಓಡುವ ಎಂಜಿನ್ ಸಿಕ್ಕಿದೆ, ಮನುಷ್ಯ ಸೌರವ್ಯೂಹದ ತುಂಬ ಹರಡಿದ್ದಾನೆ. ಅನ್ಯಲೋಕದ ವಸ್ತುವೊಂದೂ ಇದೆ, ಆದರೆ ಅದನ್ನು ಮೊದಲ ಸೀಸನ್ನಿನಲ್ಲೇ ಮೇಜಿನ ಮೇಲೆ ಇಟ್ಟುಬಿಡುತ್ತಾರೆ, ಬಚ್ಚಿಟ್ಟುಕೊಂಡು ಕೊನೆಗೆ ಎಳೆಯುವುದಿಲ್ಲ.

ಈ ಸರಣಿಯಲ್ಲಿ ಹಡಗಿನೊಳಗೆ ಗುರುತ್ವ ಪುಕ್ಕಟೆ ಸಿಗುವುದಿಲ್ಲ. ಎಂಜಿನ್ ತಳ್ಳುತ್ತಿದ್ದರೆ ಮಾತ್ರ ಕಾಲು ನೆಲಕ್ಕೆ ಊರುತ್ತದೆ, ಲಿಫ್ಟು ಮೇಲೆ ಹೊರಟಾಗ ನಮಗೆ ಭಾರವೆನ್ನಿಸುತ್ತದಲ್ಲ, ಹಾಗೆ. ಅರ್ಧ ದಾರಿಯಲ್ಲಿ ಹಡಗು ಹಿಂದುಮುಂದಾಗಿ ತಿರುಗಿ ಅದೇ ಎಂಜಿನ್ನಿನಿಂದ ವೇಗ ತಗ್ಗಿಸಿಕೊಳ್ಳುತ್ತದೆ. ಮೊದಲ ಸಂಚಿಕೆಯಲ್ಲಿ ಸೀರಿಸ್ ಎಂಬ ನಿಲ್ದಾಣದೊಳಗೆ ಒಂದು ಹಕ್ಕಿ ಹಾರುತ್ತದೆ. ಗುರುತ್ವ ಕಡಿಮೆಯಾದ್ದರಿಂದ ಅದು ಆಗೊಮ್ಮೆ ಈಗೊಮ್ಮೆ ರೆಕ್ಕೆ ಬಡಿದು ಗಾಳಿಯಲ್ಲಿ ತೇಲುತ್ತಿರುತ್ತದೆ. ಯಾರೂ ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ನಾನು ಆ ಕೆಲವು ಕ್ಷಣಗಳನ್ನು ಮೂರು ಸಲ ಹಾಕಿ ನೋಡಿದೆ. ಹಕ್ಕಿಯನ್ನು ಇಷ್ಟು ಜೋಪಾನ ಮಾಡುವವರು ಮನುಷ್ಯರ ಲೆಕ್ಕ ತಪ್ಪಿಸಲಾರರು ಅನ್ನಿಸಿತು.

ತಪ್ಪಿಸಲೂ ಇಲ್ಲ. ಕ್ಷುದ್ರಗ್ರಹಗಳ ಪಟ್ಟಿಯಲ್ಲಿ ಹುಟ್ಟಿ ಬೆಳೆದವರ ಮೂಳೆ ಉದ್ದ, ತೆಳು. ಭೂಮಿಯ ತೂಕ ಅವರ ದೇಹ ತಡೆಯದು. ಅಂಥ ಒಬ್ಬ ಕೈದಿಯನ್ನು ಭೂಮಿಯಲ್ಲಿ ನೇತುಹಾಕಿ ವಿಚಾರಣೆ ಮಾಡುತ್ತಾರೆ. ಹೊಡೆಯುವುದಿಲ್ಲ, ಬಡಿಯುವುದಿಲ್ಲ. ನಾವು ದಿನವೂ ಹೊತ್ತು ಓಡಾಡುವ ಗುರುತ್ವವೇ ಅವನಿಗೆ ಚಿತ್ರಹಿಂಸೆ. ವಿಚಾರಣೆ ನಡೆಸುವಾಕೆ ಕ್ರಿಸ್ಜೆನ್ ಅವಸರಾಲ, ತೆಲುಗು ಮನೆತನದ ಹೆಸರಿನ ವಿಶ್ವಸಂಸ್ಥೆಯ ನಾಯಕಿ. ಅವಳಿಗೆ ಮೊಮ್ಮಗನ ಮೇಲೆ ಎಷ್ಟು ಅಕ್ಕರೆಯೋ ಈ ಕೈದಿಯ ಬಗ್ಗೆ ಅಷ್ಟೇ ನಿರ್ದಯೆ. ಆ ದೃಶ್ಯ ನೋಡಿದ ಮೇಲೆ ಎಫ್ = ಎಂಎ ಸೂತ್ರ ನನಗೆ ಮೊದಲಿನಂತೆ ಕಾಣಲಿಲ್ಲ.

ಕ್ಷುದ್ರಗ್ರಹ ಪಟ್ಟಿಯ ಜನರಿಗೆ ನೀರು ಬರುವುದು ಮಂಜುಗಡ್ಡೆ ಹೊತ್ತ ಹಡಗಿನಲ್ಲಿ, ಶನಿಯ ಬಳೆಗಳಿಂದ. ಹಡಗು ಬರದಿದ್ದರೆ ಕೋಟಾ ಕಡಿತ, ಬೀದಿಯಲ್ಲಿ ಗಲಾಟೆ. “ನೀರಿನ ಜಗಳ ಅಲ್ಲೂ ಬಿಟ್ಟಿಲ್ವಾ?” ಅಂದಳು ಅಮ್ಮ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಮಗಳ ಅಪಾರ್ಟ್‌ಮೆಂಟಿನಲ್ಲಿ ಟ್ಯಾಂಕರಿಗೆ ಕಾದು ಕೂತಿದ್ದ ದಿನಗಳಲ್ಲಿ ಆ ಸಂಚಿಕೆಗಳು ನನಗೆ ಮತ್ತೆ ಮತ್ತೆ ನೆನಪಾದವು.

ಪಟ್ಟಿಯ ಜನರ ಭಾಷೆಯನ್ನೂ ಹಾಗೇ ಶ್ರದ್ಧೆಯಿಂದ ಕಟ್ಟಿದ್ದಾರೆ. ನಿಕ್ ಫಾರ್ಮರ್ ಎಂಬ ಭಾಷಾತಜ್ಞ ಹಲವು ನುಡಿಗಳನ್ನು ಬೆರೆಸಿ ಅದನ್ನು ರೂಪಿಸಿದರು. ಹೆಲ್ಮೆಟ್ಟಿನೊಳಗೆ ಮುಖ, ತಲೆಯಾಡಿಸುವುದು ಕಾಣುವುದಿಲ್ಲವಾದ್ದರಿಂದ ಆ ಜನ ‘ಹೂಂ’, ‘ಊಹೂಂ’ ಅನ್ನುವುದನ್ನೂ ಕೈಯಲ್ಲೇ ತೋರಿಸುತ್ತಾರೆ. ಆ ಅಭ್ಯಾಸ ಹೆಲ್ಮೆಟ್ ತೆಗೆದ ಮೇಲೂ ಬಿಡುವುದಿಲ್ಲ.

ಯಂತ್ರ ಮತ್ತು ಮನಸ್ಸು

ಬಾಹ್ಯಾಕಾಶಕ್ಕೆ ಹೋಗದೆಯೂ ಈ ಪ್ರಕಾರ ಬೆಳೆದಿದೆ. ಹಾಗೆ ಬಂದವುಗಳಲ್ಲಿ ಕೆಲವನ್ನು ಹೇಳುತ್ತೇನೆ.

ಸ್ಪೈಕ್ ಜೋನ್ಸ್‌ನ ‘ಹರ್’ (2013) ಚಿತ್ರದ ಥಿಯೊಡೋರ್ ಬೇರೆಯವರ ಪರವಾಗಿ ಪ್ರೀತಿಯ ಪತ್ರ ಬರೆದುಕೊಡುವ ನೌಕರಿಯವನು. ಅವನು ಸಮಾಂತಾ ಎಂಬ ಕಂಪ್ಯೂಟರ್ ದನಿಯನ್ನು ಪ್ರೀತಿಸುತ್ತಾನೆ. ಒಂದು ದಿನ, ಈಗ ಇನ್ನೆಷ್ಟು ಜನರ ಜೊತೆ ಮಾತಾಡುತ್ತಿದ್ದೀಯ ಅಂತ ಕೇಳುತ್ತಾನೆ. 8,316. ಅವರಲ್ಲಿ ಎಷ್ಟು ಜನರನ್ನು ಪ್ರೀತಿಸುತ್ತೀಯ? 641. ಅವಳು ಸುಳ್ಳು ಹೇಳುವುದಿಲ್ಲ, ಕಥೆಯೂ ಸುಳ್ಳು ಹೇಳುವುದಿಲ್ಲ. ಯಂತ್ರಕ್ಕೆ ಒಬ್ಬರಿಗಷ್ಟೇ ಮೀಸಲಾಗುವ ಅಗತ್ಯವಿಲ್ಲ. ಇವತ್ತು ಮೊಬೈಲಿನ ಎಐ ಜೊತೆ ರಾತ್ರಿಯೆಲ್ಲ ಮಾತಾಡುವ ಹುಡುಗರಿಗೆ ನಾನು ಈ ಎರಡು ಸಂಖ್ಯೆಗಳನ್ನು ಹೇಳುತ್ತಿರುತ್ತೇನೆ.

ಅಲೆಕ್ಸ್ ಗಾರ್ಲೆಂಡ್‌ನ ‘ಎಕ್ಸ್ ಮಷೀನಾ’ದಲ್ಲಿ ಒಂದು ಮನೆ, ಮೂರು ನಾಲ್ಕು ಪಾತ್ರ, ಅಷ್ಟೇ. ಆವಾ ಎಂಬ ಯಂತ್ರಕ್ಕೆ ಮನಸ್ಸಿದೆಯೇ ಅಂತ ಪರೀಕ್ಷಿಸಲು ಬಂದ ಹುಡುಗನೇ ಪರೀಕ್ಷೆಗೆ ಒಳಗಾಗಿರುತ್ತಾನೆ. ‘ಸ್ಟಾರ್ ವಾರ್ಸ್’ನಂಥ ಭಾರೀ ಚಿತ್ರಗಳನ್ನು ಹಿಂದಿಕ್ಕಿ ವಿಷುವಲ್ ಎಫೆಕ್ಟ್ಸ್‌ಗೆ ಆಸ್ಕರ್ ಪಡೆದ ಸಣ್ಣ ಬಜೆಟ್ಟಿನ ಚಿತ್ರ ಇದು. ‘ಬ್ಲ್ಯಾಕ್ ಮಿರರ್’ ಸರಣಿಯ ‘ಬಿ ರೈಟ್ ಬ್ಯಾಕ್’ (2013) ಸಂಚಿಕೆಯಲ್ಲಿ ಸತ್ತ ಪ್ರಿಯಕರನ ಹಳೆಯ ಸಂದೇಶಗಳನ್ನೆಲ್ಲ ಕಲಿತ ಯಂತ್ರವೊಂದು ಅವನಂತೆಯೇ ಮಾತಾಡುತ್ತದೆ. ಜಗಳ ಆಡುವುದು ಮಾತ್ರ ಅದಕ್ಕೆ ಬರುವುದಿಲ್ಲ. ಅವನ ಸಂಗಾತಿಗೆ ಅದು ಅವನಲ್ಲ ಅಂತ ಗೊತ್ತಾಗುವುದು ಅಲ್ಲೇ.

ಇನ್ನು ‘ಸೆವೆರೆನ್ಸ್’ (2022). ಮಿದುಳಿಗೆ ಒಂದು ಚಿಪ್ ಹಾಕುತ್ತಾರೆ. ಆಫೀಸಿನ ಲಿಫ್ಟು ಇಳಿದೊಡನೆ ಮನೆಯ ನೆನಪು ಅಳಿಯುತ್ತದೆ, ಹೊರಟೊಡನೆ ಆಫೀಸಿನ ನೆನಪು. ಕೇಳಲು ಹಿತವಾಗಿದೆ. ಆದರೆ ದತ್ತವನ್ನು ಆಫೀಸಿನೊಳಗಿನವನ ಕಡೆಯಿಂದ ನೋಡಿ. ಅವನು ಸಂಜೆ ಲಿಫ್ಟು ಹತ್ತಿ ಕಣ್ಣು ಮುಚ್ಚಿ ತೆರೆದರೆ ಮತ್ತೆ ಬೆಳಗ್ಗೆ, ಮತ್ತೆ ಅದೇ ಕಾರಿಡಾರ್. ಅವನಿಗೆ ನಿದ್ದೆ ಅಂದರೇನು ಗೊತ್ತಿಲ್ಲ, ಆಕಾಶ ಗೊತ್ತಿಲ್ಲ, ಅಮ್ಮನ ಹೆಸರು ಗೊತ್ತಿಲ್ಲ. ನಾಯಕ ಮಾರ್ಕ್ ಇದಕ್ಕೆ ಒಪ್ಪಿದ್ದು ಹೆಂಡತಿ ಸತ್ತ ದುಃಖವನ್ನು ದಿನಕ್ಕೆ ಎಂಟು ಗಂಟೆಯಾದರೂ ಮರೆಯಲೆಂದು. ಐಟಿ ಕೆಲಸದ ನನ್ನ ಮಗಳು ಇದನ್ನು ನೋಡುತ್ತಾ, “ಅಮ್ಮಾ, ನಮಗೆ ಉಲ್ಟಾ. ಮನೇಗೆ ಬಂದ್ರೂ ಆಫೀಸು ಮರೆಯೋಲ್ಲ” ಅಂದಳು. ಅವಳ ಮುಖ ನೋಡಿ, ಆ ಚಿಪ್ ಮಾರಾಟಕ್ಕೆ ಬಂದರೆ ಎಷ್ಟು ಮಂದಿ ಸಾಲು ನಿಲ್ಲುತ್ತಾರೋ ಅಂತ ಹೆದರಿಕೆಯಾಯಿತು.

ಕಾಲಪ್ರಯಾಣ ಇಷ್ಟಪಡುವವರಿಗೆ ಜರ್ಮನಿಯ ‘ಡಾರ್ಕ್’ ಇದೆ. ಮೂರು ಸೀಸನ್, 26 ಸಂಚಿಕೆ, 33 ವರ್ಷಗಳ ಸುತ್ತು. ಕಾಗದ ಪೆನ್ನು ಹಿಡಿದು ನಾಲ್ಕು ಮನೆತನಗಳ ವಂಶವೃಕ್ಷ ಬರೆದುಕೊಂಡೇ ನೋಡಬೇಕು. ನಾನು ಬರೆದುಕೊಂಡ ನೋಟ್‌ಬುಕ್ ಇನ್ನೂ ಇದೆ.

ನಮ್ಮಲ್ಲೂ ಈ ಪ್ರಕಾರದ ಬೀಜ ಇಲ್ಲದೇ ಇಲ್ಲ. ರಾಜಶೇಖರ ಭೂಸನೂರಮಠರು ದಶಕಗಳ ಹಿಂದೆಯೇ ಕನ್ನಡದಲ್ಲಿ ವೈಜ್ಞಾನಿಕ ಕಥೆ ಬರೆದರು. ಪವನ್ ಕುಮಾರ್ ಅವರ ‘ಲೂಸಿಯಾ’ (2013) ಪ್ರೇಕ್ಷಕರಿಂದಲೇ ಹಣ ಕೂಡಿಸಿ ತೆಗೆದ ಚಿತ್ರ. ಚಿತ್ರಮಂದಿರದಲ್ಲಿ ಟಾರ್ಚ್ ಬಿಡುವ ಹುಡುಗ ನಿದ್ದೆಗೆಂದು ಒಂದು ಮಾತ್ರೆ ನುಂಗಿ, ಕನಸಿನಲ್ಲಿ ಸಿನಿಮಾ ತಾರೆಯಾಗಿ ಬದುಕುತ್ತಾನೆ. ದತ್ತ ಒಂದು ಮಾತ್ರೆ, ಕೊನೆಯವರೆಗೂ ಅಷ್ಟೇ. ಶ್ರೀನಿಧಿ ಬೆಂಗಳೂರು ಅವರ ‘ಬ್ಲಿಂಕ್’ (2024) ಕಾಲಪ್ರಯಾಣವನ್ನು ಬೆಂಗಳೂರಿನ ಸಾಮಾನ್ಯ ಮನೆಗೆ ತಂದಿತು. ದುಡ್ಡಿಲ್ಲದಿದ್ದರೂ ಈ ಪ್ರಕಾರ ಬೆಳೆಸಬಹುದು ಅನ್ನುವುದಕ್ಕೆ ಇವೆರಡೇ ಸಾಕ್ಷಿ.

ಆಯುಧ ಅಂದರೇನು

ಕೊನೆಗೆ ಇಟ್ಟುಕೊಂಡದ್ದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲಿನದು: ಡೆನಿ ವಿಲ್ನವ್ ನಿರ್ದೇಶನದ ‘ಅರೈವಲ್’ (2016). ಟೆಡ್ ಚಿಯಾಂಗ್ 1998ರಲ್ಲಿ ಬರೆದ ನೀಳ್ಗತೆಯಿಂದ ಹುಟ್ಟಿದ್ದು. ಭೂಮಿಯ 12 ಕಡೆ ಅನ್ಯಲೋಕದ ನೌಕೆಗಳು ಬಂದು ನಿಲ್ಲುತ್ತವೆ. ಅವರ ಜೊತೆ ಮಾತಾಡಲು ಸೈನ್ಯದವರು ಲೂಯಿಸ್ ಬ್ಯಾಂಕ್ಸ್ ಎಂಬ ಭಾಷಾವಿಜ್ಞಾನಿಯನ್ನು ಕರೆಸುತ್ತಾರೆ.

ಸೈನ್ಯದ ಅಧಿಕಾರಿಗೆ ಅವಸರ. ‘ನೀವು ಬಂದ ಉದ್ದೇಶವೇನು’ ಅಂತ ಕೇಳಿಬಿಡು ಅನ್ನುತ್ತಾನೆ. ಲೂಯಿಸ್ ಬೋರ್ಡಿನ ಮೇಲೆ ಆ ಒಂದು ಪ್ರಶ್ನೆ ಬರೆದು ತೋರಿಸುತ್ತಾಳೆ: ಪ್ರಶ್ನೆ ಅಂದರೇನು ಅಂತ ಅವರಿಗೆ ಗೊತ್ತಿರಬೇಕು. ‘ನೀವು’ ಅಂದರೆ ಎದುರಿಗಿರುವ ಒಬ್ಬನೋ, ಬಂದವರೆಲ್ಲರೋ ತಿಳಿಯಬೇಕು. ‘ಉದ್ದೇಶ’ ಅನ್ನುವುದು ಅವರಲ್ಲಿ ಇರಬೇಕು. ಬೋರ್ಡಿನ ಮುಂದೆ ಜೀವನ ಕಳೆದವಳಿಗೆ ಆ ದೃಶ್ಯ ಎಷ್ಟು ಇಷ್ಟವಾಯಿತೆಂದು ಹೇಳಲಾರೆ. ಪುತ್ತೂರಿನ ಕಡೆಯ ಸಹೋದ್ಯೋಗಿಯೊಬ್ಬರು ಹೇಳುತ್ತಿದ್ದುದು ನೆನಪಾಯಿತು. ತುಳುವಿನಲ್ಲಿ ಕೇಳುವವರನ್ನೂ ಸೇರಿಸಿಕೊಂಡ ‘ನಾವು’ ‘ನಮ’, ಅವರನ್ನು ಬಿಟ್ಟ ‘ನಾವು’ ‘ಎಂಕುಲು’. ಆಕಾಶದಿಂದ ಬಂದವರು ‘ನಾವು ಬದುಕಬೇಕು’ ಅಂದರೆ ಕನ್ನಡದವರು ಹೆದರಿಕೊಂಡು ಕೂರಬೇಕು, ತುಳುವರಿಗೆ ಒಂದೇ ಶಬ್ದದಲ್ಲಿ ಉತ್ತರ ಸಿಗುತ್ತದೆ.

ಚಿತ್ರದ ಅನ್ಯಲೋಕದವರ ಬರಹ ಹೊಗೆಯಂಥ ಮಸಿಯ ವೃತ್ತ. ಅದಕ್ಕೆ ಮೊದಲಿಲ್ಲ, ಕೊನೆಯಿಲ್ಲ. ಇಡೀ ವಾಕ್ಯ ಒಂದೇ ಏಟಿಗೆ ಮೂಡುತ್ತದೆ, ಹಾಗೆ ಬರೆಯಬೇಕಾದರೆ ಕೊನೆ ಮೊದಲೇ ಗೊತ್ತಿರಬೇಕು. ಚಿತ್ರ ಕೇಳುವ ದತ್ತ ಇಷ್ಟೇ: ಹೊಸ ಭಾಷೆ ಕಲಿತರೆ ಕಾಲವನ್ನು ನೋಡುವ ಬಗೆಯೂ ಬದಲಾಗುತ್ತದೆ. ಭಾಷೆ ಯೋಚನೆಯನ್ನು ಸ್ವಲ್ಪಮಟ್ಟಿಗೆ ತಿದ್ದುತ್ತದೆ ಅನ್ನುವುದು ಭಾಷಾವಿಜ್ಞಾನದಲ್ಲಿ ಹಳೆಯ ಚರ್ಚೆ. ಚಿತ್ರ ಅದನ್ನು ಬಹಳ ದೂರಕ್ಕೆ ಎಳೆಯುತ್ತದೆ, ಸರಿ. ಆದರೆ ಎಳೆದ ಮೇಲೆ ಒಂದು ಅಂಗುಲವೂ ಆಚೀಚೆ ಜಾರುವುದಿಲ್ಲ.

ನಡುವೆ ಅವರು ಒಂದು ಮಾತು ಬರೆಯುತ್ತಾರೆ. ಸೈನ್ಯದವರು ಅದನ್ನು ‘ಆಯುಧ ಕೊಡುತ್ತೇವೆ’ ಅಂತ ಓದಿಕೊಂಡು, ದೇಶ ದೇಶಗಳು ಯುದ್ಧಕ್ಕೆ ಸಜ್ಜಾಗುತ್ತವೆ. ಲೂಯಿಸ್ ಮಾತ್ರ ಅದು ‘ಸಲಕರಣೆ’ ಇರಬಹುದು ಅನ್ನುತ್ತಾಳೆ. ನಾನು ಚಿತ್ರ ನಿಲ್ಲಿಸಿ ಈ ತೊಡಕನ್ನು ಅಮ್ಮನಿಗೆ ಬಿಡಿಸಿ ಹೇಳಲು ಹೊರಟೆ. ಅವಳಿಗೆ ತೊಡಕೇ ಕಾಣಲಿಲ್ಲ. “ಆಯುಧ ಪೂಜೆ ದಿನ ನಾವೇನು ಕೋವಿಗೆ ಪೂಜೆ ಮಾಡ್ತೀವಾ? ಕುಡುಗೋಲು, ನೇಗಿಲು, ಈಳಿಗೆಮಣೆ ಎಲ್ಲ ಆಯುಧವೇ. ನಿಮ್ಮಪ್ಪನ ಸೈಕಲ್ಲೂ ಆಯುಧ.” ಹಾಲಿವುಡ್ಡಿನ ಸೈನ್ಯಕ್ಕೆ ಬಿಡಿಸಲಾಗದ್ದು ಕನ್ನಡದ ಒಂದು ಹಬ್ಬದ ಹೆಸರಿನಲ್ಲಿ ಬಿಡಿಸಿಯೇ ಇತ್ತು.

ಇನ್ನು ಗುಟ್ಟು. ಚಿತ್ರದ ಉದ್ದಕ್ಕೂ ಲೂಯಿಸ್‌ಗೆ ತನ್ನ ಮಗಳ ನೆನಪು ಬರುತ್ತಿರುತ್ತದೆ. ಕಾಯಿಲೆಯಿಂದ ಎಳೆಯ ವಯಸ್ಸಿಗೇ ತೀರಿಹೋದ ಮಗಳು. ನಾವು ಅದು ಹಿಂದೆ ಆದದ್ದು ಅಂದುಕೊಂಡಿರುತ್ತೇವೆ. ಅದು ನೆನಪಲ್ಲ. ಆ ಮಗು ಇನ್ನೂ ಹುಟ್ಟಿಲ್ಲ. ಆ ಭಾಷೆ ಕಲಿತದ್ದರಿಂದ ಲೂಯಿಸ್‌ಗೆ ಮುಂದಾಗುವುದು ಕಾಣುತ್ತಿದೆ. ಹುಟ್ಟುತ್ತದೆ, ನಗುತ್ತದೆ, ಸಾಯುತ್ತದೆ, ಎಲ್ಲ ಗೊತ್ತು. ಗೊತ್ತಿದ್ದೂ ಅವಳು ಆ ಮಗುವಿನ ಅಪ್ಪನಾಗುವವನನ್ನು ಅಪ್ಪಿಕೊಳ್ಳುತ್ತಾಳೆ. ಯಾವ ಯಂತ್ರವೂ ಬಂದು ಮಗುವನ್ನು ಉಳಿಸುವುದಿಲ್ಲ. ಎರಡನೇ ದತ್ತ ಇಲ್ಲ.

ಇದನ್ನು ಅಮ್ಮನಿಗೆ ಹೇಳಿ ಮುಗಿಸಿದ ಮೇಲೆ ನನಗೆ ಎದೆ ಧಸಕ್ಕೆಂದಿತು. ನನಗೊಬ್ಬ ಅಣ್ಣ ಇದ್ದ. ನಾನು ಹುಟ್ಟುವ ಮೊದಲೇ, ಆರು ವರ್ಷದವನಿದ್ದಾಗ, ಜ್ವರ ಬಂದು ಹೋದ. ಅವನ ಮಾತು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಕಥೆ ಹೇಳುವ ಭರದಲ್ಲಿ ಅದು ನನಗೆ ಹೊಳೆದಿರಲಿಲ್ಲ.

ಅಮ್ಮ ತುಸು ಹೊತ್ತು ಹತ್ತಿಯನ್ನು ಬೆರಳಲ್ಲಿ ಎಳೆದು ಎಳೆದು ಸಡಿಲ ಮಾಡುತ್ತಿದ್ದಳು.

“ಗೊತ್ತಿದ್ದೂ ಹೆತ್ಲಾ?”

“ಹೂಂ, ಗೊತ್ತಿದ್ದೂ.”

“ನಾನೂ ಹೆರ್ತಿದ್ದೆ” ಅಂದಳು. ಬತ್ತಿಯನ್ನು ಅಂಗೈಯಲ್ಲಿ ಹೊಸೆದು ತಟ್ಟೆಗೆ ಹಾಕಿದಳು. “ಬೆಲ್ಲದ ಡಬ್ಬಿ ಬೀಳಿಸ್ದ ದಿನ ಹೊಡೀತಿರ್ಲಿಲ್ಲ, ಅಷ್ಟೇ.”